ಸರಾಸರಿ ಯಾರನ್ನೂ ತಳ್ಳುವುದಿಲ್ಲ

‘ಯಾಕೆ?’ ಅಂತ ಕೇಳಿದಾಗ ಸಿಗುವ ಉತ್ತರಗಳಲ್ಲಿ ಒಂದು ಜಾತಿಯ ಉತ್ತರ ನನಗೆ ಬಹಳ ದಿನಗಳಿಂದ ಕಿರಿಕಿರಿ ಮಾಡುತ್ತಿದೆ. ನೋಡೋಕೆ ಅದು ವಿಜ್ಞಾನದ ಹಾಗೇ ಇರುತ್ತೆ, ಒಳಗೆ ಕೈ ಹಾಕಿದರೆ ಏನೂ ಸಿಗಲ್ಲ. “ರೇಟಿಂಗ್ ಯಾಕೆ ಕಮ್ಮಿ ಬಂತು?” “ಬೆಲ್ ಕರ್ವ್‌ನಿಂದ.” “ಹೋದ ಮ್ಯಾಚಲ್ಲಿ ಸೆಂಚುರಿ ಹೊಡೆದವನು ಇವತ್ತು ಯಾಕೆ ಎರಡಕ್ಕೇ ಔಟಾದ?” “ಲಾ ಆಫ್ ಆವರೇಜಸ್ ಗುರೂ.” “ಆ ಹೈವೇನಲ್ಲಿ ಅಷ್ಟೊಂದು ಜನ ಯಾಕೆ ಸಾಯ್ತಾರೆ?” “ವರ್ಷಕ್ಕೆ ಇಷ್ಟು ಅಂತ ಇದ್ದಿದ್ದೇ ಅಲ್ವಾ.” ಕೇಳಿದವರು ತಲೆಯಾಡಿಸಿ ಕಾಫಿ ಕಡೆ ಹೋಗುತ್ತಾರೆ. ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿತು ಅನ್ನೋ ಸಮಾಧಾನ.

ಕರ್ವ್ ಅಂದರೆ ಒಂದು ಗೆರೆ. ಸರಾಸರಿ ಅಂದರೆ ಒಂದು ಭಾಗಾಕಾರ. ಗೆರೆ ಹೇಗೆ ಒಬ್ಬರ ಸಂಬಳ ತಡೆಯುತ್ತೆ? ಭಾಗಾಕಾರ ಹೇಗೆ ಸ್ಟಂಪ್ ಹಾರಿಸುತ್ತೆ? ಕೆಲಸವಿಲ್ಲದವರ ಪ್ರಶ್ನೆ ಅಂತ ನಿಮಗೆ ಅನ್ನಿಸಬಹುದು. ನನಗೂ ಇದು ಟೀ ಬ್ರೇಕಿನ ತಮಾಷೆಯೇ ಆಗಿತ್ತು, ನಮ್ಮ ಅತ್ತೆಗೆ ಕಾಯಿಲೆ ಬರುವ ತನಕ. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಅತ್ತೆಯ ತೋಟಕ್ಕೆ ಹೋಗಿಬರೋಣ.

ಅತ್ತೆ ಇರೋದು ತಿಪಟೂರಿನ ಹತ್ತಿರ. ನಿನ್ನೆ ರಾತ್ರಿ ಅವರ ತೋಟದಲ್ಲಿ ಒಂದು ತೆಂಗಿನಕಾಯಿ ಬಿತ್ತು ಅಂತಿಟ್ಟುಕೊಳ್ಳಿ. ಯಾಕೆ ಬಿತ್ತು? ಹೈಸ್ಕೂಲು ಮುಗಿಸಿದವರು ಥಟ್ಟನೆ ಹೇಳೋದು, “ಗುರುತ್ವಾಕರ್ಷಣೆಯ ನಿಯಮದಿಂದ.” ಸರಿ. ಆದರೆ ಆ ನಿಯಮ ಮೊನ್ನೆಯೂ ಇತ್ತು, ಹೋದ ವಾರವೂ ಇತ್ತು, ಕಾಯಿ ಮಾತ್ರ ಮರದಲ್ಲೇ ಇತ್ತು. ಅದೇ ಗೊನೆಯ ಬೇರೆ ಕಾಯಿಗಳಿಗೂ ಅದೇ ನಿಯಮ, ಅವು ಇನ್ನೂ ಬಿದ್ದಿಲ್ಲ. ನಿನ್ನೆ ರಾತ್ರಿ ಬದಲಾಗಿದ್ದು ತೊಟ್ಟು. ಒಣಗಿದ ತೊಟ್ಟು ಕಾಯಿಯ ಭಾರ ತಡೀಲಿಲ್ಲ, ಭೂಮಿ ಎಳೀತು, ಬಿತ್ತು. ಭೂಮಿ ಎಷ್ಟು ಜೋರಾಗಿ ಎಳೆಯುತ್ತೆ, ನೆಲ ಮುಟ್ಟುವಾಗ ಕಾಯಿಗೆ ಎಷ್ಟು ವೇಗ ಇರುತ್ತೆ ಅನ್ನೋದನ್ನ ನಿಯಮ ಕರಾರುವಾಕ್ಕಾಗಿ ಲೆಕ್ಕ ಹಾಕಿಕೊಡುತ್ತೆ. ಎಳೆಯೋ ಕೆಲಸ ಭೂಮಿಯದು, ಲೆಕ್ಕದ್ದಲ್ಲ.

ನಮಗೆ ಗೊಂದಲ ಆಗೋದರಲ್ಲಿ ಪದದ ಕೈವಾಡವೂ ಸ್ವಲ್ಪ ಇದೆ. ಸಿಗ್ನಲ್‌ನಲ್ಲಿ ನಿಲ್ಲಬೇಕು ಅನ್ನೋದೂ ನಿಯಮ, ನ್ಯೂಟನ್ ಹೇಳಿದ್ದೂ ನಿಯಮ. ಮೊದಲನೆಯದನ್ನು ಯಾರೋ ಕೂತು ಮಾಡಿದ್ದಾರೆ, ಮುರಿದರೆ ದಂಡ ಹಾಕೋಕೆ ಪೊಲೀಸರಿದ್ದಾರೆ. ಎರಡನೆಯದನ್ನು ಪಾಲಿಸಲಿಲ್ಲ ಅಂತ ಯಾವ ಕಲ್ಲಿಗೂ ನೋಟಿಸ್ ಬಂದಿಲ್ಲ. ಇಂಗ್ಲಿಷಿನ ‘ಲಾ’ಗೂ ಇದೇ ರೋಗ. ಒಂದೇ ಪದ ಎರಡು ಕಡೆ ದುಡಿಯೋದರಿಂದ, ಪ್ರಕೃತಿಯ ನಿಯಮ ಅಂದ ಕೂಡಲೇ ಎಲ್ಲೋ ಮೇಲೆ ಕೂತು ಆರ್ಡರ್ ಹಾಕುವ ಅಧಿಕಾರಿಯ ಚಿತ್ರ ಮನಸ್ಸಿಗೆ ಬಂದುಬಿಡುತ್ತೆ. ಖುದ್ದು ನ್ಯೂಟನ್‌ಗೆ ಈ ಭ್ರಮೆ ಇರಲಿಲ್ಲ. 1687ರ ‘ಪ್ರಿನ್ಸಿಪಿಯಾ’ದಲ್ಲಿ ಗುರುತ್ವದ ಲೆಕ್ಕ ಕೊಟ್ಟ ಮನುಷ್ಯ, 1713ರ ಎರಡನೇ ಆವೃತ್ತಿಯ ಕೊನೆಗೆ ಸೇರಿಸಿದ ಟಿಪ್ಪಣಿಯಲ್ಲಿ, ಗುರುತ್ವಕ್ಕೆ ಕಾರಣ ಏನು ಅನ್ನೋದು ಕಂಡದ್ದರಿಂದ ಸಿಕ್ಕಿಲ್ಲ, ಅದರ ಬಗ್ಗೆ ಊಹೆ ಕಟ್ಟುವುದಿಲ್ಲ ಅಂತ ಸ್ಪಷ್ಟವಾಗಿ ಬರೆದ. ಲೆಕ್ಕ ಒಂದು, ಕಾರಣ ಇನ್ನೊಂದು ಅಂತ ಅವನಿಗೆ ಗೊತ್ತಿತ್ತು.

ಎಲ್ಲಾ ತತ್ವಶಾಸ್ತ್ರಜ್ಞರೂ ಇದನ್ನು ಇಷ್ಟು ಸುಲಭವಾಗಿ ಒಪ್ಪಲ್ಲ ಅನ್ನೋದನ್ನೂ ಹೇಳಿಬಿಡಬೇಕು. 1983ರಲ್ಲಿ ಎರಡು ಪುಸ್ತಕ ಬಂದವು. ಆಸ್ಟ್ರೇಲಿಯಾದ ಡೇವಿಡ್ ಆರ್ಮ್‌ಸ್ಟ್ರಾಂಗ್ ತಮ್ಮ ಪುಸ್ತಕದಲ್ಲಿ, ನಿಯಮ ಅನ್ನೋದು ಬರೀ ವರದಿಯಲ್ಲ, ವಸ್ತುಗಳ ಗುಣಗಳ ನಡುವೆ ನಿಜವಾಗಿಯೂ ಇರುವ ಒಂದು ಕಟ್ಟು ಅಂತ ವಾದಿಸಿದರು. ಅದೇ ವರ್ಷ ನ್ಯಾನ್ಸಿ ಕಾರ್ಟ್‌ರೈಟ್ ತಮ್ಮ ಪುಸ್ತಕಕ್ಕೆ ‘ಭೌತಶಾಸ್ತ್ರದ ನಿಯಮಗಳು ಹೇಗೆ ಸುಳ್ಳು ಹೇಳುತ್ತವೆ’ ಅನ್ನೋ ಅರ್ಥದ ಹೆಸರಿಟ್ಟರು. ಜಗತ್ತಿನಲ್ಲಿ ಕೆಲಸ ಮಾಡೋದು ವಸ್ತುಗಳ ಸಾಮರ್ಥ್ಯ, ಸಮೀಕರಣ ಅದನ್ನು ಅಚ್ಚುಕಟ್ಟು ಮಾಡಿ ತೋರಿಸುತ್ತೆ ಅನ್ನೋದು ಅವರ ಪಟ್ಟು. ಈ ಜಗಳ ಇನ್ನೂ ಮುಗಿದಿಲ್ಲ. ಆದರೆ ಯಾರ ಪಕ್ಷ ಹಿಡಿದರೂ, ಒಣಗಿದ ತೊಟ್ಟನ್ನು ಬಿಟ್ಟು ಬರೀ ನಿಯಮದಿಂದ ಆ ಕಾಯಿ ಆ ರಾತ್ರಿಯೇ ಯಾಕೆ ಬಿತ್ತು ಅಂತ ಹೇಳೋಕಾಗಲ್ಲ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ನನಗೆ ಇದನ್ನು ಅರ್ಥ ಮಾಡಿಕೊಳ್ಳೋಕೆ ಹೆಚ್ಚು ಸಹಾಯ ಮಾಡಿದ್ದು ನಮ್ಮ ಹಳೆಯ ತರ್ಕಶಾಸ್ತ್ರದ ಒಂದು ಉದಾಹರಣೆ. ಬೆಟ್ಟದ ಮೇಲೆ ಹೊಗೆ ಕಾಣ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇಲ್ಲಿ ಹೊಗೆಯೇ ‘ಹೇತು’. ಹಾಗಂತ ಹೊಗೆಯಿಂದ ಬೆಂಕಿ ಹುಟ್ಟಿತು ಅಂತ ಯಾರೂ ಅನ್ನಲ್ಲ. ಅದಕ್ಕೇ ಹೇತುವಿನಲ್ಲಿ ಎರಡು ಬಗೆ ಮಾಡಿದರು. ತಿಳಿಸುವುದು ಜ್ಞಾಪಕ ಹೇತು, ಮಾಡುವುದು ಕಾರಕ ಹೇತು. ಹೊಗೆ ಬೆಂಕಿಯನ್ನು ತಿಳಿಸುತ್ತೆ, ಬೆಂಕಿ ಹೊಗೆಯನ್ನು ಮಾಡುತ್ತೆ. ನಮ್ಮ ‘ಯಾಕೆಂದರೆ’ ಅನ್ನೋ ಪದ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತೆ. “ಅಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ.” “ಅಲ್ಲಿ ಹೊಗೆ ಇದೆ, ಯಾಕೆಂದರೆ ಬೆಂಕಿ ಇದೆ.” ಎರಡೂ ಸರಿಯಾದ ಕನ್ನಡವೇ. ಅಂಕಿ ಅಂಶಗಳೆಲ್ಲ ಹೊಗೆಯ ಕಡೆಯವು. ನೋಡೋಕೆ, ಊಹಿಸೋಕೆ, ಎಚ್ಚರಿಸೋಕೆ ಬಹಳ ಒಳ್ಳೆಯವು. ಹೊಗೆಗೇ ಬಕೆಟ್ ನೀರು ಹಾಕೋಕೆ ಹೋದಾಗ ಮಾತ್ರ ತಾಪತ್ರಯ.

ಕ್ರಿಕೆಟ್ಟಿನ ‘ಲಾ ಆಫ್ ಆವರೇಜಸ್’ ತಗೊಳ್ಳಿ. ಸೆಂಚುರಿ ಹೊಡೆದ ದಿನ ಅವನ ಆಟದ ಜೊತೆ ಅದೃಷ್ಟವೂ ಕೂಡಿಬಂದಿತ್ತು. ಸ್ಲಿಪ್ಪಲ್ಲಿ ಒಂದು ಕ್ಯಾಚ್ ಬಿಟ್ಟರು, ಒಂದು ಎಡ್ಜ್ ಬೌಂಡರಿಗೆ ಹೋಯಿತು. ಮುಂದಿನ ಪಂದ್ಯದಲ್ಲಿ ಆಟ ಅದೇ ಇದೆ, ಅದೃಷ್ಟ ಮತ್ತೆ ಅಷ್ಟೇ ಬರಬೇಕು ಅಂತೇನಿಲ್ಲ. ಅವನ ಸರಾಸರಿ ಮೈದಾನಕ್ಕೆ ಬಂದು ಕಾಲರ್ ಹಿಡಿದು ಕೆಳಗೆ ಎಳೆಯಲಿಲ್ಲ. ಡೇನಿಯಲ್ ಕಾನೆಮನ್ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುವಾಗ ಇದನ್ನೇ ಕಂಡರು. ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಕೆಲಸ ಮಾಡುತ್ತೆ ಅಂತ ಅವರು ಹೇಳಿದ್ದಕ್ಕೆ ಒಬ್ಬ ತರಬೇತುದಾರ ಎದ್ದು, ಸುಳ್ಳು, ನಾನು ಹೊಗಳಿದವರು ಮುಂದಿನ ಸಲ ಕೆಟ್ಟದಾಗಿ ಹಾರಿಸ್ತಾರೆ, ಬೈದವರು ಚೆನ್ನಾಗಿ ಹಾರಿಸ್ತಾರೆ ಅಂದ. ಅವನು ಕಂಡದ್ದು ನಿಜ. ಆದರೆ ತೀರಾ ಕೆಟ್ಟದಾಗಿ ಹಾರಿಸಿದವನು ಬೈದರೂ ಬೈಯದಿದ್ದರೂ ಮುಂದಿನ ಸಲ ಸಾಮಾನ್ಯವಾಗಿ ಸ್ವಲ್ಪ ಸುಧಾರಿಸ್ತಾನೆ. ಬೈಗುಳವೇ ಕಾರಣ ಅಂತ ನಂಬಿದ ಮೇಲೆ ಆ ತರಬೇತುದಾರ ಜೀವನಪೂರ್ತಿ ಬೈತಾನೇ ಇರ್ತಾನೆ. ಅಂಥ ಟೀಮ್ ಲೀಡ್‌ಗಳನ್ನು ನೀವೂ ನೋಡಿರ್ತೀರಿ.

ಅಂಕಿಗಳೇ ಜಗತ್ತನ್ನು ನಡೆಸುತ್ತವೆ ಅನ್ನೋ ಭಾವನೆ ಯಾವಾಗ ಬೇರೂರಿತು ಅಂತ ಹುಡುಕುತ್ತಾ ಹೋದರೆ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಸಿಗ್ತಾನೆ. ಖಗೋಳ ವಿಜ್ಞಾನಿ. ಗ್ರಹ ನಕ್ಷತ್ರ ನೋಡಿ ರೂಢಿಯಾದ ಕಣ್ಣು ಮನುಷ್ಯರ ಕಡೆ ತಿರುಗಿತು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಸರ್ಕಾರ ಅಪರಾಧಗಳ ಲೆಕ್ಕ ಅಚ್ಚು ಹಾಕಿಸತೊಡಗಿತ್ತು. ಕೆಟ್ಲೆ ನೋಡ್ತಾನೆ, ವರ್ಷ ವರ್ಷ ಕೊಲೆಗಳ ಸಂಖ್ಯೆ ಹೆಚ್ಚು ಕಮ್ಮಿ ಅಷ್ಟಕ್ಕಷ್ಟೇ. ಬಂದೂಕಿನಿಂದ ಎಷ್ಟು, ಚಾಕುವಿನಿಂದ ಎಷ್ಟು, ದೊಣ್ಣೆಯಿಂದ ಎಷ್ಟು ಅನ್ನೋದೂ ಸುಮಾರಾಗಿ ಅಷ್ಟೇ. ನೇಣುಗಂಬಕ್ಕೂ ಜೈಲಿಗೂ ಸಮಾಜ ಪ್ರತಿ ವರ್ಷ ಬಜೆಟ್ ಕಟ್ಟಿದ ಹಾಗೆ ಕಟ್ಟುತ್ತೆ ಅಂತ ಅವನು ಬರೆದ. ಅವನ ದೊಡ್ಡ ಪುಸ್ತಕ ಬಂದಿದ್ದು 1835ರಲ್ಲಿ. 1857ರಲ್ಲಿ ಇಂಗ್ಲೆಂಡಿನ ಹೆನ್ರಿ ಬಕಲ್ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಸಮಾಜದಲ್ಲಿ ಇಂತಿಷ್ಟು ಜನ ಆತ್ಮಹತ್ಯೆ ಮಾಡಿಕೊಳ್ಳಲೇಬೇಕು, ಅದು ನಿಯಮ, ಯಾರು ಅನ್ನೋದು ಆಮೇಲಿನ ಮಾತು ಅನ್ನೋ ಧಾಟಿಯಲ್ಲಿ ಬರೆದ. ಓದುಗರು ಬೆಚ್ಚಿದರು. ಕೋಟಾ ತುಂಬೋದೇ ಖಚಿತ ಅಂದ ಮೇಲೆ ಮನುಷ್ಯನ ಸ್ವಂತ ಇಚ್ಛೆ ಎಲ್ಲಿ ಹೋಯಿತು?

ಈ ಭಯಕ್ಕೆ ಉತ್ತರ ನಮ್ಮ ರಸ್ತೆಗಳಲ್ಲೇ ಇದೆ. ಭಾರತದ ರಸ್ತೆ ಅಪಘಾತಗಳಲ್ಲಿ 2022ರಲ್ಲಿ ಸತ್ತವರು 1,68,491 ಜನ. ಅದಕ್ಕೂ ಹಿಂದಿನ ಹಲವು ವರ್ಷ ಒಂದೂವರೆ ಲಕ್ಷದ ಆಸುಪಾಸು. ಕೆಟ್ಲೆ ನೋಡಿದ್ದರೆ ಬಜೆಟ್ ಅಂತಲೇ ಅಂತಿದ್ದ. ಆದರೆ 2020ರಲ್ಲಿ ಆ ಸಂಖ್ಯೆ 1.3 ಲಕ್ಷದ ಹತ್ತಿರಕ್ಕೆ ಇಳಿಯಿತು. ಅಂಕಿಯೇ ಜನರನ್ನು ಕೊಲ್ಲುತ್ತಿದ್ದರೆ ಆ ವರ್ಷ ಅದಕ್ಕೇನು ರಜೆ ಇತ್ತಾ? ಲಾಕ್‌ಡೌನ್‌ನಲ್ಲಿ ಗಾಡಿಗಳು ಮನೆಯಲ್ಲಿ ನಿಂತವು, ಸಾವು ಕಡಿಮೆಯಾಯಿತು. ಗಾಡಿಗಳು ಬೀದಿಗೆ ಬಂದವು, ಸಾವೂ ವಾಪಸ್ ಬಂತು. ಅತಿ ವೇಗ, ಹಾಕದ ಹೆಲ್ಮೆಟ್, ರಾಂಗ್ ಸೈಡಲ್ಲಿ ಬರುವ ಬೈಕು, ಹೆದ್ದಾರಿ ಪಕ್ಕ ದೀಪ ಹಾಕದೆ ನಿಂತ ಲಾರಿ, ಹತ್ತಿರದಲ್ಲಿಲ್ಲದ ಆಸ್ಪತ್ರೆ. ವರ್ಷ ವರ್ಷ ಅಂಕಿ ಒಂದೇ ಥರ ಇರೋದು ಇವೆಲ್ಲ ಒಂದೇ ಥರ ಇರೋದರಿಂದ. ಕೆಟ್ಲೆಗೂ ಇದು ಹೊಳೆದಿತ್ತು. ಸಮಾಜ ತನ್ನ ಏರ್ಪಾಡುಗಳನ್ನು ಬದಲಿಸಿದರೆ ಬಜೆಟ್ಟೂ ಬದಲಾಗುತ್ತೆ ಅಂತ ಅವನೇ ಹೇಳಿದ್ದ. ಆ ಭಾಗವನ್ನು ಮರೆತು ‘ಇದ್ದಿದ್ದೇ ಅಲ್ವಾ’ ಅನ್ನೋದನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ.

ಇದನ್ನೆಲ್ಲ ಹೇಳಿದಾಗ ಫಿಸಿಕ್ಸ್ ಓದಿದ ಗೆಳೆಯನೊಬ್ಬ ತಕರಾರು ತೆಗೆದ. “ಉಷ್ಣಾಂಶ ಅನ್ನೋದೇ ಅಣುಗಳ ಚಲನಶಕ್ತಿಯ ಸರಾಸರಿ ಕಣೋ. ಕುಕ್ಕರ್ ಒಳಗೆ ಉಷ್ಣಾಂಶ ಏರಿದ್ದರಿಂದ ವಿಷಲ್ ಬಂತು ಅಂತೀವಲ್ಲ, ಹಾಗಾದ್ರೆ ಸರಾಸರಿ ಕಾರಣ ಆಯ್ತಲ್ಲ?” ಒಳ್ಳೆಯ ತಕರಾರು, ಎರಡು ದಿನ ತಲೆ ತಿಂತು. ಕೊನೆಗೆ ನನಗೆ ಕಂಡಿದ್ದು ಇಷ್ಟು. ಕುಕ್ಕರಿನೊಳಗಿನ ಅಣುಗಳೆಲ್ಲ ಅಲ್ಲೇ, ಆ ಕ್ಷಣವೇ, ಒಂದೇ ವೆಯ್ಟನ್ನು ಒಟ್ಟಿಗೆ ಗುದ್ದುತ್ತಿವೆ. ‘ಉಷ್ಣಾಂಶ’ ಆ ಗುಂಪಿನ ಸ್ಥಿತಿಗೆ ಇಟ್ಟ ಚಿಕ್ಕ ಹೆಸರು. ಕೆಲಸ ಮಾಡಿದ್ದು ಗುಂಪು. ಆದರೆ ಬೇರೆ ಬೇರೆ ಊರಿನ, ಬೇರೆ ಬೇರೆ ವರ್ಷದ ರೋಗಿಗಳನ್ನು ಕೂಡಿಸಿ ಒಂದು ಸರಾಸರಿ ತೆಗೆದಾಗ, ಅವರೆಲ್ಲ ಸೇರಿ ಒಂದೇ ಗೋಡೆಯನ್ನು ಗುದ್ದುತ್ತಿಲ್ಲ. ಅವರು ಕೂಡಿರೋದು ಕಾಗದದ ಮೇಲೆ ಮಾತ್ರ.

ರೋಗಿಗಳ ಮಾತು ಬಂತು, ಈಗ ಅತ್ತೆಯ ವಿಷಯ. ಅತ್ತೆ ನಿವೃತ್ತ ಪ್ರೈಮರಿ ಸ್ಕೂಲ್ ಟೀಚರ್. ಮೂರು ವರ್ಷದ ಹಿಂದೆ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿಗೆ ಕರ್ಕೊಂಡು ಬಂದೆವು. ಮೊದಲ ವಾರ ಅವರ ಮಗ, ಅಂದರೆ ನಮ್ಮ ಭಾವ, ರಾತ್ರಿಯೆಲ್ಲ ಫೋನ್ ಹಿಡಿದು ಐದು ವರ್ಷದ ನಂತರ ನೂರರಲ್ಲಿ ಎಷ್ಟು ಜನ ಬದುಕಿರ್ತಾರೆ ಅನ್ನೋ ಪಟ್ಟಿಗಳನ್ನೇ ಓದ್ತಾ ಕೂತಿರ್ತಿದ್ದ. ಒಂದು ರಾತ್ರಿ ನನ್ನ ಹತ್ತಿರ, “ಈ ಪರ್ಸೆಂಟೇಜ್ ಬಿಡಲ್ಲ ಕಣೋ, ಏನು ಟ್ರೀಟ್‌ಮೆಂಟ್ ಕೊಡಿಸಿದರೂ ಅಷ್ಟೇ” ಅಂದ. ಪರ್ಸೆಂಟೇಜ್ ಬಿಡಲ್ಲ! ಆಸ್ಪತ್ರೆಯ ಕಾರಿಡಾರಿನಲ್ಲಿ ಅಂಕಿಯೊಂದು ಯಮನ ಹಾಗೆ ಹಗ್ಗ ಹಿಡಿದು ನಿಂತಿದೆಯೇನೋ ಅನ್ನೋ ಥರ. ಒಳಗೆ ಮಲಗಿದ್ದ ಅತ್ತೆಗೆ ಕೇಳಿಸಿತು. ಬೆಳಿಗ್ಗೆ ಕಾಫಿ ಕುಡೀತಾ ನನ್ನ ಕೇಳಿದರು, “ಆ ನೂರು ಜನ ಅಂತೀರಲ್ಲ, ಅವರಲ್ಲಿ ನನಗೆ ಗುರುತಿದ್ದೋರು ಯಾರಾದ್ರೂ ಇದಾರೇನೋ? ಅವರಿಗೆಲ್ಲ ಎಷ್ಟು ವಯಸ್ಸು? ಎಲ್ಲರಿಗೂ ನನ್ನಷ್ಟೇ ಬೇಗ ಗೊತ್ತಾಗಿತ್ತಾ?”

ಇಷ್ಟು ಸರಿಯಾದ ಪ್ರಶ್ನೆಗಳನ್ನು ನಮ್ಮಿಬ್ಬರಲ್ಲಿ ಯಾರೂ ಕೇಳಿರಲಿಲ್ಲ. ಇದನ್ನೇ ಕೇಳಿದ ಇನ್ನೊಬ್ಬರು ಜೀವವಿಕಾಸದ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಸ್ಟೀಫನ್ ಜೇ ಗೌಲ್ಡ್. 1982ರಲ್ಲಿ ಅವರ ಹೊಟ್ಟೆಯಲ್ಲಿ ಮೀಸೋಥೀಲಿಯೋಮಾ ಅನ್ನೋ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಲೈಬ್ರರಿಗೆ ಹೋಗಿ ಓದಿದರೆ, ಪತ್ತೆಯಾದ ಮೇಲೆ ಮೀಡಿಯನ್ ಬದುಕು ಎಂಟು ತಿಂಗಳು ಅಂತ ಇತ್ತು. ಮೀಡಿಯನ್ ಅಂದರೆ ಅರ್ಧ ಜನ ಅದರೊಳಗೆ ಹೋಗ್ತಾರೆ, ಇನ್ನರ್ಧ ಜನ ಅದರಾಚೆ ಬದುಕುತ್ತಾರೆ ಅಂತ. ಆಚೆಗಿನ ಬಾಲ ಎಷ್ಟು ಉದ್ದ ಅಂತ ಅವರು ನೋಡಿದರು, ಬಹಳ ಉದ್ದ ಇತ್ತು. ತಮ್ಮ ವಯಸ್ಸು ಕಡಿಮೆ, ರೋಗ ಬೇಗ ಸಿಕ್ಕಿದೆ, ಒಳ್ಳೆಯ ಚಿಕಿತ್ಸೆ ಇದೆ, ಹಾಗಾದರೆ ಆ ಬಾಲದಲ್ಲಿ ತಮಗೆ ಜಾಗ ಸಿಗೋಕೆ ಕಾರಣಗಳಿವೆ ಅಂತ ಲೆಕ್ಕ ಹಾಕಿದರು. 1985ರಲ್ಲಿ ಅದರ ಬಗ್ಗೆ ಒಂದು ಪ್ರಬಂಧ ಬರೆದರು. ತೀರಿಕೊಂಡಿದ್ದು 2002ರಲ್ಲಿ, ಬೇರೆ ಕ್ಯಾನ್ಸರಿನಿಂದ.

ಅಂಕಿ ಸುಳ್ಳು, ನಂಬಿಕೆ ಇದ್ದರೆ ಗೆಲ್ಲಬಹುದು ಅನ್ನೋ ವಾಟ್ಸ್ಯಾಪ್ ಸಂದೇಶ ಅಲ್ಲ ಇದು. ಎಂಟು ತಿಂಗಳ ಲೆಕ್ಕ ನಿಜವಾಗಿತ್ತು, ಅದರೊಳಗೆ ಹೋದವರೂ ನಿಜವಾದ ಜನ. ಅವರನ್ನು ಕೊಂದಿದ್ದು ಗಡ್ಡೆ, ತಡವಾಗಿ ಆದ ಪತ್ತೆ, ಸಿಗದ ಚಿಕಿತ್ಸೆ. ಇವುಗಳಲ್ಲಿ ಕೆಲವಕ್ಕೆ ಕೈ ಹಾಕಬಹುದು. ಪರ್ಸೆಂಟೇಜಿಗೆ ಕೈ ಹಾಕೋಕಾಗಲ್ಲ. ಅತ್ತೆಯ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟೆವು. ಅವರು ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಕೊಟ್ಟರು, ಆ ಪಟ್ಟಿ ಎಷ್ಟು ಹಳೆಯ ರೋಗಿಗಳದ್ದು ಅನ್ನೋದನ್ನೂ ಹೇಳಿದರು. ಅತ್ತೆ ಚಿಕಿತ್ಸೆ ಮುಗಿಸಿ ಊರಿಗೆ ಹೋದರು. ಈಗಲೂ ಚೆಕಪ್‌ಗೆ ಬರ್ತಾರೆ, ಬರುವಾಗ ಕೊಬ್ಬರಿ ತರ್ತಾರೆ. ಮುಂದೇನು ಅಂತ ಯಾರೂ ಬರೆದುಕೊಟ್ಟಿಲ್ಲ.

ಹಾಗಾದರೆ ಅಂಕಿಗಳಿಂದ ಏನು ಪ್ರಯೋಜನ ಅಂದರೆ, 1840ರ ದಶಕದ ವಿಯೆನ್ನಾ ನೋಡಬೇಕು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ತಾಯಂದಿರು ಸತ್ತರು, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. ಮೊದಲನೇ ವಾರ್ಡಿಗೆ ಹಾಕಬೇಡಿ ಅಂತ ಹೆಂಗಸರು ಕಾಲಿಗೆ ಬೀಳುತ್ತಿದ್ದರು. ಆ ವಾರ್ಡಿನ ಸಾವಿನ ಪ್ರಮಾಣವೇ ಅಷ್ಟು, ಗಾಳಿ ಹವೆಯ ಪ್ರಭಾವ ಅಂತ ದೊಡ್ಡವರು ಸುಮ್ಮನಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಸುಮ್ಮನಿರೋಕಾಗಲಿಲ್ಲ. ಎರಡು ವಾರ್ಡಿಗೂ ಗಾಳಿ ಒಂದೇ, ಊರು ಒಂದೇ. ಮತ್ತೆ ವ್ಯತ್ಯಾಸ ಏನು ಮಾಡ್ತಿದೆ? 1847ರಲ್ಲಿ ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯ ಚಾಕು ತಗುಲಿ ಅವನ ಸ್ನೇಹಿತ ಕೊಲ್ಲೆಚ್ಕಾ ಸತ್ತ, ಅದೇ ಬಾಣಂತಿ ಜ್ವರದ ಲಕ್ಷಣಗಳಿಂದ. ವೈದ್ಯರು ಶವದ ಕೋಣೆಯಿಂದ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಆ ವರ್ಷದ ಮೇ ತಿಂಗಳಿನಿಂದ ಕ್ಲೋರಿನ್ ಬೆರೆಸಿದ ಸುಣ್ಣದ ನೀರಲ್ಲಿ ಕೈ ತೊಳೆಯಲೇಬೇಕು ಅಂತ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಬಂತು. ಅಂಕಿ ಇಲ್ಲದಿದ್ದರೆ ಅವನಿಗೆ ಅನುಮಾನವೇ ಬರುತ್ತಿರಲಿಲ್ಲ. ಅಂಕಿಯೇ ಕಾರಣ ಅಂದುಕೊಂಡಿದ್ದರೆ ಕೈ ತೊಳೆಸುತ್ತಿರಲಿಲ್ಲ.

ಇನ್ನು ಉಳಿದಿದ್ದು ನಮ್ಮ ಬೆಲ್ ಕರ್ವ್. ಇದು ಮೊದಲು ಖಗೋಳ ವಿಜ್ಞಾನಿಗಳ ಅಳತೆಯ ತಪ್ಪುಗಳನ್ನು ಲೆಕ್ಕ ಹಾಕೋಕೆ ಬಳಕೆಯಾಗುತ್ತಿದ್ದ ಗೆರೆ. ಅದನ್ನು ಮನುಷ್ಯರ ಮೇಲೆ ತಂದವನು ಮತ್ತೆ ಅದೇ ಕೆಟ್ಲೆ. ಐದು ಸಾವಿರಕ್ಕೂ ಹೆಚ್ಚು ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಗೆ ಅದು ಚೆನ್ನಾಗಿ ಹೊಂದಿತು. ಅಲ್ಲಿ ಮೊದಲು ಸೈನಿಕರಿದ್ದರು, ಆಮೇಲೆ ಗೆರೆ ಬಂತು. ಆಫೀಸಿನಲ್ಲಿ ಮೊದಲು ಗೆರೆ, ಆಮೇಲೆ ಜನರನ್ನು ಅದಕ್ಕೆ ಕೂರಿಸೋದು. ನಾಲ್ಕು ರೌಂಡ್ ಇಂಟರ್‌ವ್ಯೂ ಮಾಡಿ ಆರಿಸಿದ ಎಂಟು ಜನರ ಟೀಮು ಗಂಟೆಯ ಆಕಾರದಲ್ಲೇ ಯಾಕಿರಬೇಕು? ಜನರಲ್ ಎಲೆಕ್ಟ್ರಿಕ್‌ನಲ್ಲಿ ಜ್ಯಾಕ್ ವೆಲ್ಚ್ ಮೇಲಿನ 20, ನಡುವಿನ 70, ಕೆಳಗಿನ 10 ಅಂತ ಜನರನ್ನು ವಿಂಗಡಿಸಿದ್ದು ಪ್ರಕೃತಿಯ ನಿಯಮ ಅಲ್ಲ, ಒಬ್ಬರ ತೀರ್ಮಾನ. ಮೈಕ್ರೋಸಾಫ್ಟ್ 2013ರಲ್ಲಿ ಅಂಥದ್ದೇ ಪದ್ಧತಿಯನ್ನು ಕೈಬಿಟ್ಟಿತು. ಗುರುತ್ವಾಕರ್ಷಣೆಯನ್ನು ಯಾವ ಕಂಪನಿಯೂ ಹಾಗೆ ಕೈಬಿಟ್ಟಿಲ್ಲ.

ನಮ್ಮ ಪಕ್ಕದ ಸೀಟಿನ ಸಹೋದ್ಯೋಗಿಗೆ ಒಂದು ವರ್ಷ ರೇಟಿಂಗ್ ಇಳಿಯಿತು. ಮ್ಯಾನೇಜರ್ ಹೇಳಿದ್ದು, ನಿಮ್ಮ ಕೆಲಸ ಚೆನ್ನಾಗಿದೆ, ಬೆಲ್ ಕರ್ವ್‌ನಿಂದ ಹೀಗಾಯ್ತು ಅಂತ. ಆಕೆ ಜಗಳ ಆಡಲಿಲ್ಲ, ಅಳಲಿಲ್ಲ. “ಕರ್ವ್ ಹಾಕಿದ್ದು ಯಾರು? ಕೊನೆಗೆ ನನ್ನ ಹೆಸರನ್ನು ಕೆಳಗೆ ಇಟ್ಟಿದ್ದು ಯಾರು, ಏನು ನೋಡಿ?” ಅಂತ ಕೇಳಿದಳು. ಅರ್ಧ ಗಂಟೆ ಮಾತಾದ ಮೇಲೆ ನಿಜ ಸಂಗತಿ ಹೊರಗೆ ಬಂತು. ಆ ವರ್ಷ ನಮ್ಮ ವಿಭಾಗದ ಹೈಕ್ ಬಜೆಟ್ ಕಡಿತವಾಗಿತ್ತು, ಯಾರನ್ನಾದರೂ ಕೆಳಗಿಡಬೇಕಿತ್ತು, ಆಕೆಯ ಪ್ರಾಜೆಕ್ಟ್ ಕ್ಲೈಂಟ್ ಕಣ್ಣಿಗೆ ಅಷ್ಟಾಗಿ ಬಿದ್ದಿರಲಿಲ್ಲ. ರೇಟಿಂಗ್ ಬದಲಾಗಲಿಲ್ಲ. ಆದರೆ ಅಲ್ಲಿಯ ತನಕ ತನ್ನಲ್ಲೇ ಏನೋ ಕೊರತೆ ಇರಬೇಕು ಅಂತ ಕೊರಗುತ್ತಿದ್ದವಳಿಗೆ ಕಾರಣ ಎಲ್ಲಿದೆ ಅಂತ ಗೊತ್ತಾಯಿತು. ಮುಂದಿನ ತಿಂಗಳು ಬೇರೆ ಪ್ರಾಜೆಕ್ಟ್ ಕೇಳಿ ತಗೊಂಡಳು.

ಗೆರೆಯ ಹಿಂದೆ ಕೂತವರಿಗೆ ಗೆರೆ ಬಹಳ ಅನುಕೂಲ. ಅವರು ಯಾರಿಗೂ ಮುಖ ತೋರಿಸಬೇಕಾಗಿಲ್ಲ. ಇನ್ಶೂರೆನ್ಸ್ ಪ್ರೀಮಿಯಂ ಏರಿದಾಗ, ಲೋನ್ ಸಿಗದೇ ಹೋದಾಗ, ನಮ್ಮ ರಸ್ತೆಯ ತಿರುವಿನಲ್ಲಿ ಮತ್ತೊಂದು ಅಪಘಾತವಾದಾಗ, ‘ಡೇಟಾ ಹಾಗಿದೆ’ ಅನ್ನೋ ಉತ್ತರ ಬರುತ್ತೆ. ಡೇಟಾ ಹಾಗಿರಬಹುದು, ಅದನ್ನು ಗೌರವದಿಂದಲೇ ಓದೋಣ. ಓದಿ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳೋಕೆ ಮರೆಯದಿದ್ದರೆ ಸಾಕು: ಇದನ್ನು ಮಾಡ್ತಿರೋದು ಯಾವುದು, ಅಥವಾ ಯಾರು?